ಗೆದ್ದ ದಿನ ಎತ್ತಿದ ಬಟ್ಟೆ

ಒಲಿಂಪಿಕ್ಸ್ ಬಂತೆಂದರೆ ನಮ್ಮ ಮನೆಯಲ್ಲಿ ಮೊಮ್ಮಕ್ಕಳು ಟಿವಿ ಮುಂದೆ ಕೂತು ಸೂರು ಹಾರಿಹೋಗುವಂತೆ ಕೂಗುತ್ತಾರೆ. ಹಾಕಿ ಶುರುವಾದರೆ ನಾನು ಎದ್ದು ಹಿತ್ತಲಿಗೆ ಹೋಗುತ್ತೇನೆ. ಅಜ್ಜಿಗೆ ಆಟ ಎಂದರೆ ಆಗುವುದಿಲ್ಲ ಎಂದು ನಗುತ್ತಾರೆ. ನಗಲಿ. ಆಟದ ಹುಚ್ಚು ಎಂದರೇನೆಂದು ನನ್ನಿಂದ ಅವರು ಕಲಿಯಬೇಕು.

ಅರವತ್ನಾಲ್ಕರಲ್ಲಿ, ಟೋಕಿಯೋ ಒಲಿಂಪಿಕ್ಸ್ ನಡೆದ ವರ್ಷ, ನನಗೆ ಹತ್ತೊಂಬತ್ತು. ಕುಮಟೆಯ ಹತ್ತಿರದ ಬಾಡದಲ್ಲಿ ನಮ್ಮ ಮನೆ. ಅಬ್ಬೆ ಬುಟ್ಟಿ ಹೊತ್ತು ಕುಮಟೆ ಪೇಟೆಗೆ ಹೋಗಿ ಮೀನು ಮಾರುತ್ತಿದ್ದಳು. ಅಪ್ಪ ರಂಪಣಿಯವನು. ರಂಪಣಿ ಎಂದರೆ ಊರಷ್ಟು ದೊಡ್ಡ ಬಲೆ. ದೋಣಿಯಲ್ಲಿ ಒಯ್ದು ಕಡಲಿಗೆ ಅರ್ಧಚಂದ್ರವಾಗಿ ಬಿಟ್ಟು, ಎರಡೂ ತುದಿಯ ಹಗ್ಗ ಹಿಡಿದು ದಡದಿಂದ ನೂರು ಜನ ಎಳೆಯಬೇಕು. ಒಮ್ಮೆ ಬಿಟ್ಟರೆ ಎಳೆದು ಮುಗಿಸಲು ಅರ್ಧ ದಿನ ಬೇಕು. ಹಾಗಾಗಿ ಮೀನು ಕಂಡ ಹೊರತು ಬಲೆ ಬಿಡುವಂತಿಲ್ಲ. ಮೀನು ಕಾಣುವುದೇ ಅಪ್ಪನ ಕೆಲಸ. ಬೆಳಗಾಗುವ ಮೊದಲೇ ಗುಡ್ಡ ಹತ್ತಿ ಕೂರುತ್ತಿದ್ದ. ಪಕ್ಕದಲ್ಲಿ ಕೋಲಿಗೆ ಕಟ್ಟಿದ ಬಿಳಿ ಬಟ್ಟೆ. ಬಂಗಡೆಯ ಹಿಂಡು ಬಂದಾಗ ನೀರಿನ ಬಣ್ಣ ಒಂದು ಚೂರು ಬದಲಾಗುತ್ತದಂತೆ. ನನಗೆ ಒಂದು ಸಲವೂ ಕಾಣಲಿಲ್ಲ. ಅಪ್ಪನಿಗೆ ಕಾಣುತ್ತಿತ್ತು. ಬಟ್ಟೆಯನ್ನು ಬಲಕ್ಕೆ ಬೀಸಿದರೆ ಬಡಗು, ಎಡಕ್ಕೆ ಬೀಸಿದರೆ ತೆಂಕು, ತಲೆಯ ಮೇಲೆತ್ತಿ ಬೀಸಿದರೆ ನೇರ ಮುಂದೆ. ಆ ಬಟ್ಟೆಯನ್ನು ಸುಮ್ಮನೆ ಎತ್ತುವ ಹಾಗಿಲ್ಲ. ಸುಳ್ಳು ಬಟ್ಟೆ ಎತ್ತಿದವನು ಮತ್ತೆ ಗುಡ್ಡ ಹತ್ತುವುದಿಲ್ಲ ಎಂಬುದು ನಮ್ಮ ಕಡೆ ಯಾರೂ ಬರೆದಿಡದ, ಎಲ್ಲರಿಗೂ ಗೊತ್ತಿದ್ದ ಮಾತು.

ಇಂಥ ಅಪ್ಪನಿಗೆ ಹಾಕಿಯ ಹುಚ್ಚು. ಪ್ರಾಯದಲ್ಲಿ ಮುಂಬಯಿಯಲ್ಲಿ ದೋಣಿ ಕೆಲಸಕ್ಕಿದ್ದಾಗ ಮೈದಾನದ ಬೇಲಿಗೆ ಒರಗಿ ನೋಡಿದ ಆಟವಂತೆ. "ಕೋಲು ನೋಡ್ದವ ಸೋತ, ಚೆಂಡು ನೋಡ್ದವ ಗೆದ್ದ. ನಮ್ಮ ಕೆಲಸವೇ ಅದು ಮಗಾ" ಎನ್ನುತ್ತಿದ್ದ. ನಾನು ಕುಮಟೆಯಲ್ಲಿ ಮೆಟ್ರಿಕ್ ಮುಗಿಸಿ ಹಿಂದಿ ಪರೀಕ್ಷೆಗಳನ್ನೂ ಪಾಸು ಮಾಡಿದ್ದೆ. ಪತ್ರಿಕೆ ಸಿಕ್ಕಾಗ ಆಟದ ಪುಟವನ್ನು ಅಪ್ಪನಿಗೆ ಓದಿ ಹೇಳುತ್ತಿದ್ದೆ. ನಾಲ್ಕು ವರ್ಷದ ಹಿಂದೆ ರೋಮಿನಲ್ಲಿ ನಮ್ಮವರು ಪಾಕಿಸ್ತಾನಕ್ಕೆ ಸೋತದ್ದನ್ನೂ ನಾನೇ ಓದಿದ್ದು. ಅಪ್ಪ ಅಂದು ಊಟ ಬಿಟ್ಟು ಎದ್ದಿದ್ದ. ಹೆಣ್ಣುಮಗಳನ್ನು ಓದಿಸಿ ಏನು ಮಾಡುತ್ತೀ ಎಂದು ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ: "ನಂಗೆ ಹಾಕಿ ಓದಿ ಹೇಳೂಕೆ ಬೇಕಲಾ!"

ಟೋಕಿಯೋದಲ್ಲೂ ಕೊನೆಗೆ ಅವೇ ಎರಡು ತಂಡ. ಫೈನಲ್ ಇದ್ದದ್ದು ಶುಕ್ರವಾರ. ಮರುದಿನ ಒಲಿಂಪಿಕ್ಸೇ ಮುಗಿಯುತ್ತಿತ್ತು. ಅಲ್ಲಿ ಮಧ್ಯಾಹ್ನವಾದರೆ ನಮಗಿನ್ನೂ ಬೆಳಿಗ್ಗೆ, ಅಂದರೆ ಸರಿಯಾಗಿ ಅಪ್ಪ ಗುಡ್ಡದ ಮೇಲಿರುವ ಹೊತ್ತು. ಗುಡ್ಡದ ಬುಡದ ಚಾದಂಗಡಿಯಲ್ಲಿ ರೇಡಿಯೋ ಇತ್ತು, ಆದರೆ ಅದರ ದನಿ ಮೇಲಿನವರೆಗೆ ಹೋಗುತ್ತಿರಲಿಲ್ಲ. ಉಪಾಯ ಹೇಳಿದವಳು ನಾನು. ಗೆದ್ದರೆ ಅಂಗಡಿಯ ಮುಂದೆ ನಿಂತು ಕೆಂಪು ಟವೆಲು ಬೀಸುತ್ತೇನೆ ಎಂದೆ.

"ಗೆದ್ರೆ ಮಾತ್ರ ಬೀಸು ಮಗಾ. ಸೋತ್ರೆ ಸುಮ್ನಿರು. ನಾನೇ ತಿಳ್ಕಂತೆ" ಎಂದು ಹೇಳಿ ಅಪ್ಪ ಗುಡ್ಡ ಹತ್ತಿದ.

ಅಂಗಡಿಯ ಜಗುಲಿ ತುಂಬಿ ಅಂಗಳಕ್ಕೂ ಜನ. ವಿವರಣೆ ಬರುತ್ತಿದ್ದುದು ಹಿಂದಿಯಲ್ಲಿ. ನನ್ನನ್ನು ರೇಡಿಯೋ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದರು. ನನಗೆ ಕೋಡು ಬರುವುದೊಂದು ಬಾಕಿ. ರೇಡಿಯೋದವನು ಒಂದು ಮಾತು ಹೇಳಿದರೆ ನಾನು ಎರಡು ಸೇರಿಸಿ ಹೇಳುತ್ತಿದ್ದೆ. "ಎಂತ ಹೇಳ್ತಾ ಅವ? ಗೋಲ್ ಆತಾ?" ಎಂದು ಮುದುಕರೊಬ್ಬರು ಉಸಿರಿಗೊಮ್ಮೆ ಕೇಳುತ್ತಿದ್ದರು. ಅರ್ಧ ಆಟ ಮುಗಿದರೂ ಗೋಲಿಲ್ಲ. ಆಮೇಲೆ ನಮ್ಮವರ ಒಂದು ಗೋಲು ಬಂತು. ಕೊನೆಯವರೆಗೂ ಆ ಒಂದೇ. ಆಟ ಮುಗಿಯಿತು ಎಂದು ನಾನು ಹೇಳಿ ಮುಗಿಸುವುದರೊಳಗೆ ಜನ ಕುಣಿಯತೊಡಗಿದ್ದರು. ಅಂಗಡಿಯವರು ಎಲ್ಲರಿಗೂ ಪುಕ್ಕಟೆ ಚಹಾ ಎಂದರು. ನಾನು ಟವೆಲು ಹಿಡಿದು ಅಂಗಳಕ್ಕೆ ಓಡಿ ತೋಳು ಸೋಲುವ ತನಕ ಬೀಸಿದೆ. ಕುಣಿಯುತ್ತಿದ್ದವರಿಗೆ ಅದೂ ಒಂದು ಕುಣಿತ.

ಮೇಲೆ ಅಪ್ಪ ಎದ್ದು ನಿಂತದ್ದು ಕಂಡಿತು. ಬಿಳಿ ಬಟ್ಟೆ ಎತ್ತಿ, ತಲೆಯ ಮೇಲೆ ಒಂದು ಸಲ, ಎರಡು ಸಲ, ಮೂರು ಸಲ ಬೀಸಿದ. ನನಗೆ ಉತ್ತರ ಕೊಟ್ಟ. ನಾನು ನಕ್ಕೆ. ದೇವರಾಣೆ, ನಾನು ಆಗ ನಕ್ಕೆ.

ಗುಡ್ಡದ ಆಚೆ ಬದಿಯ ದಡದಲ್ಲಿ ದೋಣಿಯ ಪಕ್ಕ ಕಾದಿದ್ದವರಿಗೆ ನನ್ನ ಟವೆಲು ಕಾಣುವಂತಿರಲಿಲ್ಲ. ಅವರಿಗೆ ಕಂಡದ್ದು ಬಿಳಿ ಬಟ್ಟೆ ಮಾತ್ರ. ಹೋ ಎಂಬ ಕೂಗು ಕೇಳಿದ ಮೇಲೆಯೇ ನನಗೆ ಅರ್ಥವಾದದ್ದು. ಓಡಿ ದಡ ಮುಟ್ಟುವಷ್ಟರಲ್ಲಿ ದೋಣಿ ನೀರಿಗಿಳಿದು ಬಲೆ ಬಿಡತೊಡಗಿತ್ತು. ಅಪ್ಪ ಮೇಲೆ ಎರಡೂ ಕೈ ಆಡಿಸುತ್ತಿದ್ದ. ಯಾರಿಗೂ ತಿಳಿಯಲಿಲ್ಲ. ತಪ್ಪಾಯಿತು ಎನ್ನುವ ಸನ್ನೆಯೇ ನಮ್ಮಲ್ಲಿರಲಿಲ್ಲ.

ನೂರು ಜನ ಎಳೆದರು. ಹಗ್ಗಕ್ಕೆ ನಾನೂ ಕೈ ಹಾಕಿದೆ. ಬಲೆ ಅರ್ಧ ನೀರಿನಲ್ಲಿರುವಾಗಲೇ ನಿಜವಾದ ಬಂಗಡೆ ಬಂತು. ಬಲೆಯ ಆಚೆಗೆ, ನಮ್ಮ ಕಣ್ಣೆದುರೇ ತೆಂಕಿಗೆ ಹೋಯಿತು. ಆ ಸಂಜೆ ಪಕ್ಕದ ಊರಿನ ದಡದಲ್ಲಿ ರಾಶಿ ರಾಶಿ ಬಂಗಡೆ. ಕೈಗೆ ಬಂದ ತುತ್ತು ನಮ್ಮ ಬಾಯಿಗೆ ಬರಲಿಲ್ಲ. ನಮ್ಮ ಬಲೆಯಲ್ಲಿ ಸಿಕ್ಕಿದ್ದು ಒಂದು ಬುಟ್ಟಿ ಚಿಲ್ಲರೆ ಮೀನು.

ರಂಪಣಿಯ ಮುಖ್ಯಸ್ಥನಾದ ತಾಂಡೇಲ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಎಲ್ಲಿ ಕಂಡ್ಯೋ ಮಾರಾಯಾ ಮೀನ?" ಎಂದು ಗುಡ್ಡ ಇಳಿದು ಬಂದ ಅಪ್ಪನನ್ನು ಮೆಲ್ಲಗೆ ಕೇಳಿದ.

ನಾನು ಬಾಯಿ ತೆರೆದೆ. ಅಪ್ಪ ನನ್ನ ಕಡೆ ನೋಡದೆ, ನನಗಿಂತ ಮೊದಲು ಮಾತಾಡಿದ.

"ಕಣ್ಣು ಮಂಜಾತು. ನೀರು ಕಪ್ಪು ಕಂಡಂಗಾತು."

ಮನೆಗೆ ಬರುವ ದಾರಿಯಲ್ಲಿ ನಾನು ಅತ್ತೆ. ನಾಳೆ ಹೋಗಿ ನಿಜ ಹೇಳುತ್ತೇನೆ ಎಂದೆ. ಅಪ್ಪನಿಗೆ ಸಿಟ್ಟು ಬಂದದ್ದು ಅಂದು ಆಗ ಮಾತ್ರ. "ಆಟಕ್ಕೆ ಬಟ್ಟೆ ಎತ್ತಿದವ ಅಂತ ಹೇಳಿಸ್ಕಳ್ಳೂದಾ ನಾನು? ಎತ್ತಿಸಿದವಳು ಅಂತ ನೀನು ಹೇಳಿಸ್ಕಳ್ಳೂದಾ? ಕಣ್ಣು ಹೋದ್ರೆ ಯಾರ ತಪ್ಪೂ ಅಲ್ಲ. ಸುಮ್ನಿರು."

ಸುಮ್ಮನಿದ್ದೆ. ಬಾಯಿಬಡಕಿ ಎಂದು ಊರೆಲ್ಲ ಹೆಸರು ಪಡೆದ ನಾನು ಆ ಒಂದು ವಿಷಯಕ್ಕೆ ಸುಮ್ಮನಿದ್ದೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಂಡವನು ಅಪ್ಪ.

ಮರುದಿನ ಶನಿವಾರ ಟೋಕಿಯೋದಲ್ಲಿ ಒಲಿಂಪಿಕ್ಸ್ ಮುಗಿಯಿತು. ಗುಡ್ಡದ ಮೇಲೆ ಬೇರೆಯವನು ಕೂತಿದ್ದ. ಹೇಳಲು ಮನೆಗೆ ಯಾರೂ ಬರಲಿಲ್ಲ, ಅಪ್ಪನೂ ಕೇಳಲು ಹೋಗಲಿಲ್ಲ. ಅಂದಿನಿಂದ ಅಬ್ಬೆ ದಿನವೂ ಸಂಜೆ ನಂದಿಬಟ್ಟಲು ಹೂವಿನ ರಸ ಹಿಂಡಿ ಅಪ್ಪನ ಕಣ್ಣಿಗೆ ಬಿಡುತ್ತಿದ್ದಳು. ಅವಳಿಗೂ ನಿಜ ಗೊತ್ತಿರಲಿಲ್ಲ. ಅಪ್ಪ ಆ ಒಳ್ಳೆಯ ಕಣ್ಣುಗಳನ್ನು ಅಗಲಿಸಿ ಅವಳ ಮುಂದೆ ಮಲಗುತ್ತಿದ್ದ. ನನಗೆ ಅಲ್ಲಿ ನಿಲ್ಲಲಾಗುತ್ತಿರಲಿಲ್ಲ. ಊರಿನವರು ಪಾಪದವರು, ದಾರಿಯಲ್ಲಿ ಸಿಕ್ಕರೆ ಅಪ್ಪನ ಕೈ ಹಿಡಿದು ಹಳ್ಳದ ಕಾಲುಸಂಕ ದಾಟಿಸುತ್ತಿದ್ದರು. ಬಲೆಯ ಹರಕು ಕಟ್ಟಲು ಕಣ್ಣು ಬೇಡ, ಬೆರಳು ಸಾಕು ಎಂದು ಆ ಕೆಲಸ ಕೊಟ್ಟರು.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಅಪ್ಪನಿಗೆ ಗಂಜಿ ಒಯ್ದು ದಡದಲ್ಲಿ ಕೂತಿದ್ದೆ. ಬಲೆ ಕಟ್ಟುತ್ತಿದ್ದ ಅವನ ಬೆರಳು ನಿಂತಿತು.

"ಬಡಗಣ ಬಂಡೆಯಾಚೆ ನೋಡು ಮಗಾ. ಬಂಗಡೆ" ಎಂದ, ನನಗೆ ಮಾತ್ರ ಕೇಳುವಂತೆ.

ಎಂದಿನಂತೆ ನನಗೆ ಕಂಡದ್ದು ಬರೀ ನೀರು. ಗುಡ್ಡದ ಮೇಲಿನವನು ಅಲ್ಲಾಡಲಿಲ್ಲ. ಕೂಗು ಅಪ್ಪಾ ಎಂದೆ.

"ಕಣ್ಣಿಲ್ದವ ಕೂಗಿದ್ರೆ ಯಾರು ನಂಬೂದು?" ಎಂದು ಮತ್ತೆ ಬಲೆಗೆ ತಲೆ ಬಗ್ಗಿಸಿದ.

ಬಹಳ ಹೊತ್ತಿನ ಮೇಲೆ ಗುಡ್ಡದ ಮೇಲೆ ಬಿಳಿ ಬಟ್ಟೆ ಎದ್ದಿತು, ಬಲಕ್ಕೆ ಬೀಸಿತು. ಜನ ದೋಣಿಯತ್ತ ಓಡಿದರು. ಓಡುತ್ತಿದ್ದವರಲ್ಲೊಬ್ಬ ನಿಂತು ಅಪ್ಪನ ತೋಳು ಹಿಡಿದು ಬದಿಗೆ ಕರೆದೊಯ್ದ. "ಇಲ್ಲಿ ಕೂತ್ಕಾ ಅಣ್ಣಾ, ಅಲ್ಲಿ ಹಗ್ಗ ಕಾಲಿಗೆ ಸಿಕ್ಕೂದು."

ಅಲ್ಲಿ ಒಂದು ಮರದ ದಿಮ್ಮಿ ಇತ್ತು. ಅಪ್ಪ ಗಾಳಿಯಲ್ಲಿ ಕೈಯಾಡಿಸಿ, ಒಂದು ಸಲ ತಪ್ಪಿ, ಮತ್ತೆ ತಡವಿ, ಅದನ್ನು ಹುಡುಕಿ ಕೂತ.