ಮೂರು ಸ್ಟಾರ್ ಅಂದರೆ ಫಸ್ಟ್ ಕ್ಲಾಸ್

ತಾಂಡೂರಿನಿಂದ ಜಹೀರಾಬಾದಿಗೆ ಹೊರಟ ಬಸ್ಸಿನಲ್ಲಿ ನಾನು "ನಡಿ, ನಡಿ ಆಚೀಕ!" ಎಂದು ಕೂಗಿದಾಗ ಏನೋ ಜಗಳವೆಂದು ಕಂಡಕ್ಟರ್ ಓಡಿ ಬಂದ. ನಾನು ಓಡಿಸುತ್ತಿದ್ದುದು ಮೊಬೈಲಿನೊಳಗೆ ತೊಗರಿ ಹೊಲಕ್ಕೆ ನುಗ್ಗಿದ ಕಾಡುಹಂದಿಯನ್ನು. ಆ ಗೇಮ್ ಮಾಡಿದ ಹುಡುಗಿ ಪಕ್ಕದಲ್ಲೇ ಕೂತಿದ್ದಳು. ನನ್ನ ಮೊಬೈಲಿಗೆ ಅದನ್ನು ಹಾಕಿಕೊಟ್ಟವಳೂ ಅವಳೇ. ಒಟ್ಟು ಏಳು ಹಂದಿ ಓಡಿಸಿದೆ. ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ಕೊನೆಗೆ ಗೇಮಿಗೆ ಎಷ್ಟು ಸ್ಟಾರ್ ಎಂದು ಮೊಬೈಲ್ ಕೇಳಿದಾಗ ಖುಷಿಯಿಂದ ಮೂರು ಒತ್ತಿದೆ. ಅವಳ ಮುಖ ಬಾಡಿತು.

"ಅಮ್ಮಾರ, ಐದರಾಗ ಮೂರಾ? ಏನ್ ತಪ್ಪಾತರಿ?"

"ಐದಕ್ಕ ಮೂರಂದ್ರ ನೂರಕ್ಕ ಅರವತ್ತು. ಫಸ್ಟ್ ಕ್ಲಾಸ್, ಬೇಟಿ! ನಾ ಬಿ.ಎ. ಪಾಸಾಗಿದ್ದೂ ಅದರಾಗೇ."

"ಇಲ್ಲಿ ಮೂರಂದ್ರ ಫೇಲ್ ಇದ್ದಂಗರಿ. ಇಲ್ಲೀತನ ಹತ್ತೇ ಮಂದಿ ಸ್ಟಾರ್ ಕೊಟ್ಟಾರ. ಸರಾಸರಿ ನಾಕರ ಕೆಳಗ ಬಿದ್ರ ನನ್ನ ಗೇಮ್ ಯಾರೂ ಹಾಕ್ಕೊಳ್ಳಂಗಿಲ್ಲ."

ಪಾಪ ಅನಿಸಿತು. ಆದರೆ ಕಾರಣವಿಲ್ಲದೆ ಅಂಕ ತಿದ್ದುವವಳು ನಾನಲ್ಲ. ಎಲ್ಲಿ ಅಂಕ ಕಳೆದೆ ಎಂಬುದನ್ನು ಡೈರಿಯಲ್ಲಿ ತೋರಿಸಿದೆ. ಅವಳು ತೊಗರಿಗೆ ಕೆಂಪು ಹೂ ಬಿಡಿಸಿದ್ದಳು.

"ತೊಗರಿ ಹೂ ಹಳದಿ ಇರ್ತದ. ತೊಗರಿಗೇ ಹೆಸರಾದ ತಾಂಡೂರಿನಾಕಿ ಆಗಿ ಇಷ್ಟೂ ಗೊತ್ತಿಲ್ಲೇನ?"

ಅವಳು ನಾಲಿಗೆ ಕಚ್ಚಿಕೊಂಡು ಲ್ಯಾಪ್‌ಟಾಪ್ ತೆಗೆದಳು. ಜಹೀರಾಬಾದ್ ಬರುವಷ್ಟರಲ್ಲಿ ಹೊಲವೆಲ್ಲ ಹಳದಿ! ನಾನು ಚಪ್ಪಾಳೆಯನ್ನೇ ತಟ್ಟಿಬಿಟ್ಟೆ. ಮೂರನ್ನು ನಾಲ್ಕು ಮಾಡಿ, ಕೆಳಗೆ 'ಡಿಸ್ಟಿಂಕ್ಷನ್' ಎಂದು ಬರೆದೆ.

ಈಗ ಅವಳಿಗೆ ಆಸೆ ಹುಟ್ಟಿತು. "ಅಮ್ಮಾರ, ಇನ್ನೊಂದು?"

"ನೂರಕ್ಕ ನೂರು ಗಣಿತಕ್ಕ ಮಾತ್ರ ಕೊಡ್ತಾರ, ಬೇಟಿ," ಎಂದು ಚೀಲ ಎತ್ತಿಕೊಂಡು ಇಳಿದೆ.