ಶಿವರಾಜ ಎಂಬವರು ಇಲ್ಲಿಲ್ಲ

"ಅಂಥವರು ಯಾರೂ ಆ ಮನ್ಯಾಗ ಇಲ್ಲಂತಲ್ರೀ. ಕಾಗದ ವಾಪಸ್ ಹೋಯ್ತು."

ಭಾಲ್ಕಿಯ ಟಪಾಲು ಕಚೇರಿಯ ಗುಮಾಸ್ತರು ಹೀಗೆಂದಾಗ ನಾನು ಪಕ್ಕಕ್ಕೆ ತಿರುಗಿ ನೋಡಿದೆ. ಇಲ್ಲ ಎನ್ನಿಸಿಕೊಂಡ ಶಿವರಾಜ, ನನ್ನ ಅಣ್ಣನ ಮಗ, ಅಲ್ಲೇ ನಿಂತು ಬೆವರುತ್ತಿದ್ದ!

ಹುಡುಗ ಹೈದರಾಬಾದಿನಲ್ಲಿ ಸೈಕಾಲಜಿ ಎಂ.ಎ.ಗೆ ಅರ್ಜಿ ಹಾಕಿದ್ದ. (ಮನಸ್ಸಿನ ಶಾಸ್ತ್ರವಂತೆ. ನಮ್ಮ ಓಣಿಯವರು 'ಹುಚ್ಚರ ಸಾಲಿ' ಎನ್ನುತ್ತಾರೆ.) ಇಂಟರ್‌ವ್ಯೂಗೆ ಕರೆ ಬಂದರೆ ಸೀಟಿನ ಆಸೆ. ಬರದಿದ್ದರೆ ಸೋದರಮಾವನ ಬೇಳೆ ಅಂಗಡಿ ಇದ್ದೇ ಇದೆ. ದಿನವೂ ಟಪಾಲಿನ ಹೊತ್ತಿಗೆ ಕಟ್ಟೆಯ ಮೇಲೆ ಕಾಯುತ್ತಿದ್ದ. ಒಂದೇ ಒಂದು ದಿನ, ಸರ್ಟಿಫಿಕೇಟಿಗೆಂದು ನಾವಿಬ್ಬರೂ ಬೀದರಿಗೆ ಹೋಗಿದ್ದೆವು.

ಮೊನ್ನೆ ಔರಾದಿನ ಅವನ ಗೆಳೆಯ ಬಂದ. "ನಂಗ ಕರೆ ಬಂದದಲೇ. ನಿಂಗ ಬಂದಿಲ್ಲೇನು? ಈ ವಾರಾನೇ ಅದ ಇಂಟರ್‌ವ್ಯೂ!" ಅದಕ್ಕೇ ನಾವು ಟಪಾಲು ಕಚೇರಿಗೆ ಓಡಿದ್ದು.

ನಾವು ಬೀದರಿಗೆ ಹೋದ ದಿನವೇ ಕಾಗದ ತಂದಿದ್ದವನು ಊರಿಗೆ ಹೊಸಬನಾದ ಪೋಸ್ಟ್‌ಮನ್. ಅವನೂ ಕಚೇರಿಯಲ್ಲೇ ಇದ್ದ. "ಮನ್ಯಾಗಷ್ಟೇ ಅಲ್ರೀ, ಓಣ್ಯಾಗೇ ಆ ಹೆಸರಿನವ್ರಿಲ್ಲ ಅಂದ್ಳು ಆ ಮುದುಕಿ. ಬಾಗಿಲಾ ಹಾಕ್ಕೊಂಡ್ಳು."

ಆ ಮುದುಕಿ ನನ್ನ ಅವ್ವ. ಶಿವರಾಜನನ್ನು ಸಾಕಿದವಳೇ ಆಕೆ. ನಂಬುತ್ತೀರಾ?

ಮನೆಗೆ ಬಂದವನೇ ಕೂಗಾಡಿದೆ. "ಏನ್ ಮಾಡಿದಿ ಅವ್ವಾ? ಹುಡುಗನ ನಸೀಬಾನೇ ವಾಪಸ್ ಕಳಿಸಿಬಿಟ್ಟಿಯಲ್ಲ!"

ಅವ್ವ ಮೊರದಲ್ಲಿನ ಜೋಳದಿಂದ ಕಣ್ಣೆತ್ತಲಿಲ್ಲ.

"ಖಾಕಿ ಹಾಕ್ಕೊಂಡು ಬಂದಿದ್ದ. ಶಿವರಾಜ ಬಸಪ್ಪ ಎಲ್ಲಿ ಅದಾನ ಅಂದ. ಅವತ್ತೂ ಹಿಂಗೇ ಬಂದು, ಬಸಪ್ಪ ಎಲ್ಲಿ ಅಂದಿದ್ರು. ಒಳಗ ಉಣ್ಲಾಕತ್ತಾನ, ಬರ್ರಿ ಅಂದಿದ್ದೆ. ಅರ್ಧಾ ರೊಟ್ಟಿ ಬಿಟ್ಟು ಎದ್ದು ಹೋದಂವ ತಿರುಗಿ ಬಂದನೇನು?"

ಶಿವರಾಜ ಗೋಡೆಗೆ ಒರಗಿ ಕುಳಿತುಬಿಟ್ಟ. ಬಸಪ್ಪ ಅವನ ಅಪ್ಪ. ನನ್ನ ಅಣ್ಣ.

ಪೊಲೀಸ್ ಆ್ಯಕ್ಷನ್ನಿಗೆ ಮುಂಚಿನ, ನಿಜಾಮರ ಕಾಲದ ಗಲಾಟೆಯಲ್ಲಿ ಖಾಕಿಯವರು ಅಣ್ಣನನ್ನು ಮನೆಯಿಂದ ಕರೆದೊಯ್ದದ್ದು ನನಗೆ ಗೊತ್ತಿತ್ತು. ಬಾಗಿಲಲ್ಲಿ ನಿಂತು ಹೌದೆಂದವಳು ಅವ್ವ ಎಂಬುದು ಇವತ್ತಿನವರೆಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಇದನ್ನು ಒಬ್ಬಳೇ ಹೊತ್ತುಕೊಂಡು ನಮಗೆ ರೊಟ್ಟಿ ಬಡಿದು ಹಾಕಿದಳೇ?

ನಿಜಾಮರ ಆಳ್ವಿಕೆ ಮುಗಿಯಿತು, ಬಾವುಟ ಬದಲಾಯಿತು, ನಾವು ಪೇಢೆ ಹಂಚಿದೆವು. ಆ ಸುದ್ದಿ ನಮ್ಮ ಮನೆಯ ಹೊಸ್ತಿಲಿಗಿನ್ನೂ ಮುಟ್ಟಿಲ್ಲ. ನಿಮ್ಮ ಮನೆಗೆ ಮುಟ್ಟಿದೆಯೇ? ಅಪರಿಚಿತರು ಹೆಸರು ಕೇಳಿದರೆ ನಿಮ್ಮ ಹಿರಿಯರು ಒಮ್ಮೆ ತಿರುಗಿ ಒಳಗೆ ನೋಡುವುದಿಲ್ಲವೇ?

ಕಾಗದವಿಲ್ಲದಿದ್ದರೇನು, ಪ್ರೊಫೆಸರರಿಗೆ ಕೈಮುಗಿದು ಕೇಳಿ ನೋಡೋಣವೆಂದು ಶಿವರಾಜ ಇವತ್ತು ಮುಂಜಾನೆ ಗೆಳೆಯನ ಜೊತೆ ರೈಲು ಹತ್ತಿದ. ಬುತ್ತಿ ಕಟ್ಟಿಕೊಂಡು ಅವ್ವನೂ ಸ್ಟೇಷನ್ನಿಗೆ ಬಂದಿದ್ದಳು. ಗಾಡಿ ಅಲುಗುತ್ತಿದ್ದಂತೆ ಅವನ ಕೈ ಹಿಡಿದಳು.

"ಹುಷಾರ್ ನನ್ನಪ್ಪಾ. ಅಲ್ಲಿ ಯಾರರೇ ಹೆಸರು ಕೇಳಿದ್ರ ಹೇಳಬ್ಯಾಡ."

ಇಂಟರ್‌ವ್ಯೂನಲ್ಲಿ ಮೊದಲು ಕೇಳುವುದು ಅದನ್ನೇ ಅಲ್ಲವೇ?