ಸೋದರಮಾವನ ಕೈತುತ್ತು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಊರಿಂದ ಬಹುದೂರದ ಪ್ರಯೋಗಾಲಯವೊಂದರಲ್ಲಿ ಅಣು ರಿಯಾಕ್ಟರಿನ ಇಂಧನ ತಯಾರಿಸುವ ಕೆಲಸದಲ್ಲಿದ್ದೆ. ಯುರೇನಿಯಂ ಆಕ್ಸೈಡಿನ ಪುಡಿಯನ್ನು ಸಣ್ಣ ಕಾಳು ಮಾಡಿ ಮಡಕೆಯಂತೆ ಸುಟ್ಟರೆ ಅದು ಭಾರೀ ಶಾಖ ತಾಳುತ್ತದೆ. ಆದರೆ ಶಾಖವನ್ನು ಬೇಗ ಹೊರಬಿಡದೆ ಬಿರುಕು ಬಿಡುತ್ತದೆ. ಅದಕ್ಕೇ ಆ ಕಾಳುಗಳನ್ನು ಲೋಹದ ಪುಡಿಯಲ್ಲಿ ಬೆರೆಸಿ, ಒತ್ತಿ, ಕಾಯಿಸುತ್ತಿದ್ದೆವು. ತಾಳುವುದು ಕಾಳಿನ ಪಾಲು, ಶಾಖ ದಾಟಿಸುವುದು ಲೋಹದ ಪಾಲು. ಈ ಕೆಲಸದ ಬಗ್ಗೆ ನನಗೆ ಜಂಬವೂ ಇತ್ತು.

ತಂಗಿಯ ಮಗಳಿಗೆ ಮೊದಲ ಅನ್ನ ಉಣಿಸುವುದಕ್ಕೆ ರಜೆ ಹಾಕಿ ಆಲಂಕಾರಿನಲ್ಲಿರುವ ಅವಳ ಗಂಡನ ಮನೆಗೆ ಬಂದೆ. ನಮ್ಮವರಲ್ಲಿ ಮಗು ಸೋದರಮಾವನ ಮಡಿಲಲ್ಲಿ ಕೂತು ಅವನ ಕೈಯಿಂದಲೇ ಮೊದಲ ತುತ್ತು ತಿನ್ನಬೇಕು. ಅಪ್ಪ, ಅಮ್ಮ ತೀರಿಹೋಗಿದ್ದರು. ತವರೆಂದು ಅವಳಿಗೆ ಉಳಿದವನು ನಾನೊಬ್ಬನೇ.

"ಎಂತದೋ ವಿಷದ ಕೆಲಸ ಅಂತೆ ಮಾರಾಯ್ರೆ. ಮಗುವಿಗೆ ಎಂತ ಆಗುದಿಲ್ಲ ಅಲ್ವಾ?" ತಂಗಿಯ ಅತ್ತೆ ಕೇಳಿದರು.

ಗಾಜಿನ ಪೆಟ್ಟಿಗೆಯೊಳಗೆ ಕೈಗವಸು ತೊಟ್ಟು ಕೆಲಸ, ಹೊರಡುವಾಗ ಕೈ ತೊಳೆದು ವಿಕಿರಣ ಅಳೆಯುವ ಯಂತ್ರಕ್ಕೆ ತೋರಿಸಲೇಬೇಕು, ಭಯವೇ ಇಲ್ಲ ಎಂದು ಉದ್ದಕ್ಕೆ ಕೊರೆದೆ. ಅವರು ತಲೆಯಾಡಿಸಿದರು.

ಎಲೆಗೆ ಪಾಯಸ ಬಡಿಸಿದ್ದಾಯಿತು. ತಂಗಿ ಮಗುವನ್ನು ನನ್ನತ್ತ ಚಾಚಿದಳು. ನಾನು ಎದ್ದು ಅಂಗಳಕ್ಕೆ ಹೋಗಿ ಕೈ ತೊಳೆಯತೊಡಗಿದೆ. ಆಗಲೇ ಒಮ್ಮೆ ತೊಳೆದಿದ್ದೆ. ಆದರೂ ಮೊಣಕೈವರೆಗೆ ಸಾಬೂನು ತಿಕ್ಕಿದೆ, ಉಗುರುಗಳ ಸಂದಿ ತಿಕ್ಕಿದೆ, ಬೆಳಕಿಗೆ ಹಿಡಿದು ನೋಡಿದೆ. ಅಭ್ಯಾಸ. ತಿರುಗಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಅತ್ತೆ ಮಗುವನ್ನು ತಂಗಿಯ ಕೈಯಿಂದ ಎತ್ತಿಕೊಂಡು ಎದೆಗವಚಿಕೊಂಡರು. "ಭಯ ಇಲ್ಲದಿದ್ದರೆ ಅಷ್ಟು ತಿಕ್ಕುದು ಎಂತಕ್ಕೆ? ಅಜ್ಜನೇ ಕೊಡಲಿ," ಎಂದು ತಮ್ಮ ಗಂಡನತ್ತ ನೋಡಿದರು.

ಒಳಗೆ ಬಂದು ಎಲೆಯೆದುರು ಕೂತೆ. ಅವಮಾನವಾಯಿತು, ಸಿಟ್ಟೂ ಬಂತು. ಅವರ ಮೇಲಲ್ಲ, ನನ್ನ ಕೈಗಳ ಮೇಲೆ.

ತಂಗಿ ಬಂದು ನನ್ನೆದುರು ನೆಲದ ಮೇಲೆ ಕೂತಳು. "ಅಣ್ಣ, ಮೊದಲು ನಂಗೆ ಕೊಡು."

"ನೀನು ಹಾಲು ಕುಡಿಸುವವಳು!" ಎಂದರು ಅತ್ತೆ.

"ಅದಕ್ಕೇ. ನಾನು ತಿಂದದ್ದು ಹೇಗೂ ಮಗುವಿಗೂ ಹೋಗ್ತದಲ್ಲ," ಎಂದಳು ತಂಗಿ.

ಪಾಯಸದ ಅನ್ನವನ್ನು ಬೆರಳಿಂದ ಎತ್ತಿ ಅವಳ ಬಾಯಿಗಿಟ್ಟೆ. ಅಷ್ಟು ಹತ್ತಿರದಿಂದ ಅವಳ ಕಣ್ಣು ಕಂಡಿತು. ಅವಳು ನನ್ನ ಮಾತು ನಂಬಿದ್ದಾಳೆ ಅಂದುಕೊಂಡಿದ್ದೆ. ನಂಬಿರಲಿಲ್ಲ. ಕಣ್ತುಂಬ ಹೆದರಿಕೆಯೇ ಇತ್ತು. ಹೆದರಿಕೊಂಡೇ ನುಂಗಿದಳು. ಆಮೇಲೆ ಎದ್ದು, ಅತ್ತೆಯ ಕೈಯಿಂದ ಮಗುವನ್ನು ತೆಗೆದುಕೊಂಡು ನನ್ನ ಮಡಿಲಲ್ಲಿ ಕೂರಿಸಿದಳು.